ಕಂಡಕ್ಟರ್ ಅಕ್ಕಾರ ಪಾಟೀ ಸವಾಲು

ಸವದತ್ತಿ ಕೋರ್ಟಿನ ಅಂಗಳದಲ್ಲಿ ಯಾರಾದರೂ "ವಕೀಲರ" ಎಂದು ಕರೆದರೆ ಯಶೋಧಾ ಕೂಡಲೇ ತಿರುಗುತ್ತಿರಲಿಲ್ಲ. ಕರಿ ಕೋಟು ತೊಟ್ಟು ಎರಡು ವರ್ಷವಾಗಿದ್ದರೂ ಆ ಹೆಸರು ಕಿವಿಗೆ ಇನ್ನೂ ಒಗ್ಗಿರಲಿಲ್ಲ. "ಕಂಡಕ್ಟರ್ ಅಕ್ಕಾರ" ಅಂದರೆ ಮಾತ್ರ ಕತ್ತು ತಾನಾಗಿಯೇ ತಿರುಗಿಬಿಡುತ್ತಿತ್ತು. ತಿರುಗಿದ ಮೇಲೆ ಅವಳಿಗೆ ತನ್ನ ಮೇಲೆಯೇ ಸಿಟ್ಟು. ಹನ್ನೊಂದು ವರ್ಷದ ರೂಢಿ, ಬಿಡು ಅಂದರೆ ಬಿಡುತ್ತದೆಯೇ?

ಹೌದು, ಹನ್ನೊಂದು ವರ್ಷ. ಬೈಲಹೊಂಗಲದಿಂದ ಹೊರಟರೆ ಸವದತ್ತಿ, ಅಲ್ಲಿಂದ ರಾಮದುರ್ಗ. ಕೆಲವು ದಿನ ಕಿತ್ತೂರು, ಕೆಲವು ದಿನ ಹೂಲಿ. ಹೆಗಲಿಗೆ ಚರ್ಮದ ಚೀಲ, ಕೈಯಲ್ಲಿ ಟಿಕೆಟ್ ಮಷಿನ್ನು. ಬೆಳಗಾವಿಯ ಕಾಲೇಜಿನಲ್ಲಿ ಮುಂಜಾನೆ ಕಾಯ್ದೆ ಓದುವುದು, ಮಧ್ಯಾಹ್ನದ ಪಾಳಿಗೆ ಓಡಿ ಬಂದು ಬಸ್ಸು ಹತ್ತುವುದು. ಹಾಗೆ ಒದ್ದಾಡಿ ಪಾಸಾಗಿ, ಕಾಯಂ ನೌಕರಿಗೆ ರಾಜೀನಾಮೆ ಬಿಸಾಕಿ ವಕೀಲಿ ಸನದು ತೆಗೆದುಕೊಂಡಾಗ ಮನೆಯವರೆಲ್ಲ ಹಣೆ ಹಣೆ ಬಡಿದುಕೊಂಡರು. ಆದರೆ ಕೋರ್ಟಿನಲ್ಲಿ ಯಾರಾದರೂ "ಮೊದಲ ಏನ್ ಮಾಡತಿದ್ರಿ?" ಎಂದು ಕೇಳಿದರೆ "ಸರ್ವಿಸ್‌ನಾಗ ಇದ್ದೆ" ಎಂದು ಹೇಳಿ ಮಾತು ತೇಲಿಸುತ್ತಿದ್ದಳು. ಎಂಥ ಸರ್ವಿಸ್ಸು ಎಂದು ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಬಾಯಿ ಬಿಡದಿದ್ದರೇನು, ಎಲ್ಲರಿಗೂ ಗೊತ್ತಿತ್ತು! ಅರ್ಧ ಸವದತ್ತಿಗೆ ಅವಳೇ ಟಿಕೆಟ್ ಹರಿದುಕೊಟ್ಟವಳು. ಬೆಳಗಾವಿಯಿಂದ ಕಾರಿನಲ್ಲಿ ಬರುವ ಕಾಂತೇಶ ವಕೀಲರಂತೂ ಅವಳು ಎದ್ದು ನಿಂತರೆ ಸಾಕು, ಪಕ್ಕದವರಿಗೆ ಕೇಳುವಷ್ಟು ಸಣ್ಣ ದನಿಯಲ್ಲಿ "ರೈಟ್, ರೈಟ್! ಹೋಗಲಿ!" ಅನ್ನುತ್ತಿದ್ದರು. ಪಕ್ಕದವರು ಕಿಸಕ್ಕನೆ ನಗುತ್ತಿದ್ದರು. ಈ ಎರಡು ವರ್ಷ ಅವಳು ಮಾಡಿದ್ದಾದರೂ ಏನು? ತಾರೀಖು ಮುಂದೂಡಿ ಎಂದು ಕೇಳುವುದು, ಹಿರಿಯರಾದ ನಿಜಗುಣಪ್ಪ ವಕೀಲರ ಫೈಲು ಹೊರುವುದು. ಒಬ್ಬ ಸಾಕ್ಷಿಗೂ ಒಂದು ಪ್ರಶ್ನೆ ಕೇಳಿದವಳಲ್ಲ.

ಆ ಗುರುವಾರ ಎಲ್ಲ ಬದಲಾಯಿತು. ಬದಲಾಯಿಸಿದವಳು ಹೂಲಿಯ ಸಾವಿತ್ರೆವ್ವ.

ಸಾವಿತ್ರೆವ್ವನ ಕಥೆ ಇಷ್ಟೇ. ಗಂಡ ಸತ್ತ ಮೇಲೆ ತವರಿಗೆ ಬಂದವಳು, ಒಂಬತ್ತು ವರ್ಷ ಅಪ್ಪ ಮಡಿವಾಳೆಪ್ಪನನ್ನು ನೋಡಿಕೊಂಡಳು. ಕೊನೆಯ ಮೂರು ವರ್ಷ ಮುದುಕ ಹಾಸಿಗೆ ಹಿಡಿದ. ತಿನ್ನಿಸಿದವಳು ಅವಳೇ, ತೊಳೆದವಳೂ ಅವಳೇ. ತಮ್ಮ ಸುಭಾಸ ಹಬ್ಬಕ್ಕೊಮ್ಮೆ ಬಂದು ಹೋಳಿಗೆ ತಿಂದು ಹೋಗುವವನು. ಅಪ್ಪ ತೀರಿಕೊಂಡ ಮರುವರ್ಷ ಆ ಸುಭಾಸ ಎಲ್ಲಿಂದಲೋ ಒಂದು ಮೃತ್ಯುಪತ್ರ ಹೊರಗೆ ತೆಗೆದ. ಮನೆ, ಹೊಲ ಎಲ್ಲ ತನಗೇ ಬರೆದಿದೆ, ಅಕ್ಕ ಮನೆ ಖಾಲಿ ಮಾಡಲಿ ಎಂದು ದಾವೆ ಹಾಕಿದ. ಅದರಲ್ಲಿ ಒಂದು ಸಾಲಿತ್ತು: "ನನ್ನ ಮಗಳು ಸಾವಿತ್ರೆವ್ವ ನನ್ನನ್ನು ಒಂದು ದಿನವೂ ನೋಡಿಕೊಂಡಿಲ್ಲ, ಹೊಟ್ಟೆ ತುಂಬ ಅನ್ನ ಹಾಕಿಲ್ಲ, ಆದ ಕಾರಣ ಅವಳಿಗೆ ಏನೂ ಕೊಟ್ಟಿಲ್ಲ."

ಆ ಸಾಲು ಓದಿಸಿಕೊಂಡ ದಿನದಿಂದ ಸಾವಿತ್ರೆವ್ವನಿಗೆ ಊಟ ಇಳಿಯುತ್ತಿರಲಿಲ್ಲ.

"ಮನಿ ಹೋದ್ರ ಹೋಗ್ಲಿ, ಎಲ್ಲೆರ ತಟ್ಟಿ ಕಟಗೊಂಡ ಇರತೇನಿ," ಎಂದಳು ಅವತ್ತೂ, ಕೋರ್ಟಿನ ಎದುರಿನ ಬೇವಿನ ಮರದ ಕೆಳಗೆ. "ಆದ್ರ ಅಪ್ಪ ಹಂಗ ಅಂದಿದ್ನೇನ್ರಿ? ಖರೇನ ಅಂದಿದ್ನೇನು? ಅದೊಂದ ಕೇಳಿ ಹೇಳ್ರಿ ನನಗ. ಉಳದದ್ದು ನಿಮ್ಮ ಕಾಯ್ದೆ, ನಿಮಗ ಬಿಟ್ಟದ್ದು."

"ಕೇಳತೇನಿ ಬಿಡವಾ," ಎಂದರು ನಿಜಗುಣಪ್ಪ ವಕೀಲರು. "ಇವತ್ತ ಸಾಕ್ಷಿ ಬರತಾನ. ಪತ್ರಕ್ಕ ಸಹಿ ಹಾಕಿದಾವ್ರು ಇಬ್ಬರು. ಒಬ್ಬಾಂವ ಸತ್ತಾನ, ಉಳದಾಂವ ನಿಮ್ಮ ಊರ ಭರಮಪ್ಪ. ಅಂವ ನಿಂತರ ಪತ್ರ ನಿಂತಂಗ, ಅಂವ ಬಿದ್ದರ ಪತ್ರ ಬಿದ್ದಂಗ."

"ನೀವ್ ಬ್ಯಾಡ್ರಿ," ಎಂದಳು ಸಾವಿತ್ರೆವ್ವ ಮುಲಾಜಿಲ್ಲದೆ. "ಈ ಕಂಡಕ್ಟರ್ ಅಕ್ಕಾರು ಕೇಳ್ಲಿ."

ಚಹಾದ ಕಪ್ಪು ಹಿಡಿದಿದ್ದ ಯಶೋಧಾ ತಲೆ ಎತ್ತಿದಳು.

"ಇವರ ಬಸ್ಸಿನ್ಯಾಗ ನಾ ಎಷ್ಟ ಸಲ ಬಂದೇನಿ. ಒಮ್ಮೆ ಒಬ್ಬಾಂವ ಜರಿ ರುಮಾಲ ಸುತಗೊಂಡ ದೊಡ್ಡ ಮನಶ್ಯಾ, ಟಿಕೆಟ್ ತಗೊಂಡಿರಲಿಲ್ಲ. ಇವರು ಒದರಲಿಲ್ಲ, ಬೈಲಿಲ್ಲ. ಮೆತ್ತಗ ನಾಕ ಮಾತ ಕೇಳಿದ್ರು, ಅಂವ ತಾನ ಕಿಸೆಕ್ಕ ಕೈ ಹಾಕಿದ. ಈ ಭರಮಣ್ಣನೂ ಅಂಥಾಂವನ. ಒದರಿದ್ರ ಎತ್ತಿನಗತೆ ನಿಂತಬಿಡತಾನ."

ನಿಜಗುಣಪ್ಪ ವಕೀಲರು ಹೊಟ್ಟೆ ಕುಣಿಸಿ ನಕ್ಕರು. ಮೂವತ್ತೆಂಟು ವರ್ಷದ ವಕೀಲಿಯಲ್ಲಿ ಪಕ್ಷಗಾರಳೊಬ್ಬಳು ಹೀಗೆ ಮುಖದ ಮೇಲೆ ಬೇಡ ಅಂದದ್ದು ಇದೇ ಮೊದಲಿರಬೇಕು. "ಆತು ತಗೋ. ಯಶೋಧಾ, ಈ ಪಾಟೀ ಸವಾಲು ನೀನ ಮಾಡು. ಒಂದ ಮಾತ ನೆನಪಿಟ್ಟಕೋ. ಗೆದ್ದೆ ಅನಿಸಿದ ಕೂಡಲೆ ಕುಂದ್ರಬೇಕು. ಅದಾದ ಮ್ಯಾಲ ಒಂದ ಪ್ರಶ್ನಿ ಕೇಳಿದಿ ಅಂದ್ರ, ಗಳಿಸಿದ್ದೆಲ್ಲಾ ನೀರಾಗ ಹ್ವಾದಂಗ."

ಭರಮಪ್ಪನ ಅಫಿಡವಿಟ್ಟಿನ ಪ್ರತಿ ಅವತ್ತೇ ಬೆಳಿಗ್ಗೆ ಕೈಗೆ ಬಂದಿತ್ತು. ಮಧ್ಯಾಹ್ನ ಸಾಕ್ಷಿ. ಅವಳು ಕಟ್ಟೆಯ ಮೇಲೆ ಕೂತು ಓದಿದಳು, ಮತ್ತೆ ಓದಿದಳು:

"ದಿನಾಂಕ 14-7-2014ರಂದು ಬೆಳಿಗ್ಗೆ ನಾನು ನನ್ನ ಹೊಲದಲ್ಲಿ ಎತ್ತು ಹೂಡಿ ಎಡೆ ಹೊಡೆಯುತ್ತಿದ್ದಾಗ, ಮಡಿವಾಳೆಪ್ಪನು ಹೇಳಿ ಕಳಿಸಿದ್ದರಿಂದ, ಎತ್ತುಗಳ ಕೊರಳು ಬಿಟ್ಟು, ಅವುಗಳಿಗೆ ನೀರು ಕುಡಿಸಿ, ಅವನ ಮನೆಗೆ ಬಂದು, ಬಾಗಿಲಲ್ಲಿದ್ದ ಹಂಡೆಯ ನೀರಿನಲ್ಲಿ ಕೆಸರುಗೈ ತೊಳೆದು, ಚಹಾ ಕುಡಿದು, ಮೃತ್ಯುಪತ್ರಕ್ಕೆ ಸಾಕ್ಷಿ ಸಹಿ ಮಾಡಿದೆನು."

ಹಂಡೆ! ಕೆಸರು! ಚಹಾ! ಯಶೋಧಾಳ ಕಿವಿ ನೆಟ್ಟಗಾಯಿತು. ಟಿಕೆಟ್ ತೆಗೆದವನು ಟಿಕೆಟ್ ತೋರಿಸಿ ಸುಮ್ಮನಾಗುತ್ತಾನೆ. ತೆಗೆಯದವನಿದ್ದಾನಲ್ಲ, ಅವನು ಕೇಳದೆಯೇ ಕಥೆ ಹೇಳುತ್ತಾನೆ: ಎಲ್ಲಿ ಹತ್ತಿದೆ, ಯಾರ ಮದುವೆಗೆ ಹೊರಟೆ, ಬೀಗರ ಊರಲ್ಲಿ ಏನು ಉಂಡೆ. ಹನ್ನೊಂದು ವರ್ಷ ಅವಳು ಕೇಳಿದ್ದು ಇಂಥ ಕಥೆಗಳನ್ನೇ. ಇಲ್ಲಿ ಯಾರೋ ಕೂತು ಭರಮಪ್ಪನಿಗೆ ಕಥೆ ಕಟ್ಟಿಕೊಟ್ಟಿದ್ದಾರೆ.

ಇರಲಿ, ಕಥೆ ಎಂದು ಗೊತ್ತಾದರೆ ಸಾಲದು, ಹರಿಯುವ ಎಳೆ ಬೇಕು. ಹದಿನಾಲ್ಕು, ಏಳು, ಎರಡು ಸಾವಿರದ ಹದಿನಾಲ್ಕು. ಯಾವ ವಾರ ಅದು? ಮೊಬೈಲು ತೆಗೆದು ಕ್ಯಾಲೆಂಡರ್ ಹಿಂದೆ ಹಿಂದೆ ಸರಿಸುತ್ತ ಹೋದಳು. ಹತ್ತು ವರ್ಷಕ್ಕೂ ಹೆಚ್ಚು ಸರಿಸಬೇಕಲ್ಲ, ಬೆರಳೇ ಸೋತಿತು. ಜುಲೈ ಸಿಕ್ಕಿತು. ಹದಿನಾಲ್ಕು ಸಿಕ್ಕಿತು.

ಸೋಮವಾರ!

ಅವಳು ಕಟ್ಟೆಯಿಂದ ಜಿಗಿದಳು. ಚಹಾ ಬಿಳಿ ಸೀರೆಯ ಮೇಲೆ ಚೆಲ್ಲಿತು, ಅತ್ತ ನೋಡಲೂ ಇಲ್ಲ. ಸೋಮವಾರ ಅಂದರೆ ಬಸವಣ್ಣನ ವಾರ. ಆ ಸೀಮೆಯ ಒಕ್ಕಲು ಮನೆತನದವರು ಸೋಮವಾರ ಎತ್ತಿನ ಕೊರಳಿಗೆ ನೊಗ ಮುಟ್ಟಿಸುವುದಿಲ್ಲ. ಇದನ್ನು ಕಾಯ್ದೆ ಪುಸ್ತಕ ಹೇಳುವುದಿಲ್ಲ, ಬಸ್ಸು ಹೇಳುತ್ತದೆ. ಉಳಿದ ದಿನ ಹೂಲಿ ಬಸ್ಸಿನಲ್ಲಿ ಹೆಂಗಸರು, ಸಾಲಿ ಹುಡುಗರು. ಸೋಮವಾರ ಮಾತ್ರ ಗಂಡಸರು ಕಿಕ್ಕಿರಿದು, ಕಂಬಿಗೆ ಜೋತಾಡಿಕೊಂಡು ಬರುತ್ತಿದ್ದರು. ಎತ್ತಿಗೆ ಬಿಡುವು, ಹಾಗಾಗಿ ಎತ್ತಿನ ಯಜಮಾನನಿಗೂ ಬಿಡುವು. ಗೊಬ್ಬರ, ಕಚೇರಿ, ಬೀಗರು ಎಲ್ಲ ಸೋಮವಾರಕ್ಕೇ. ಸೋಮವಾರದ ಗದ್ದಲದಲ್ಲಿ ಅವಳ ಎಷ್ಟು ರವಿಕೆ ಹರಿದಿದ್ದವೋ! ಸುಭಾಸನ ಪರ ನಿಂತ, ಪೇಟೆಯಲ್ಲಿ ಹುಟ್ಟಿ ಬೆಳೆದ ಕಾಂತೇಶ ವಕೀಲರು ಅಫಿಡವಿಟ್ಟಿಗೆ ಜೀವ ತುಂಬಲು ಎತ್ತು ಹೂಡಿಸಿದ್ದಾರೆ, ವಾರ ನೋಡಿಲ್ಲ. ಭರಮಪ್ಪನಿಗೆ ಅದು ಬರೀ ಅಂಕಿ, ಅವನೂ ನೋಡಿಲ್ಲ.

"ಸರ್!" ಎಂದು ಓಡಿದವಳು ಉಸಿರು ಕಟ್ಟಿಕೊಂಡು ಎಲ್ಲ ಹೇಳಿದಳು. ನಿಜಗುಣಪ್ಪ ವಕೀಲರು ಕನ್ನಡಕ ತೆಗೆದು ಅವಳನ್ನೇ ನೋಡಿದರು.

"ಶಾಬಾಸ್! ಆದ್ರ ಹುಷಾರ್. ಗಡಬಡಿಸಿ ಸೋಮವಾರ ಅಂತ ಮೊದಲ ಅಂದ್ರ, 'ಮರತೇನ್ರಿ, ಅವತ್ತ ಮನ್ಯಾಗ ಇದ್ದೆ' ಅಂತಾನ, ಜಾರತಾನ. ಮೊದಲ ಎಲ್ಲಾ ಬಾಗಲಾ ಹಾಕಬೇಕು."

"ಗೊತ್ತೈತ್ರಿ ಸರ್. ಬಾಗಲಾ ಹಾಕದ ನಾ ಎಂದೂ ಗಾಡಿ ಬಿಟ್ಟಾಕಿ ಅಲ್ಲ," ಎಂದಳು ಯಶೋಧಾ. ಅಂದ ಮೇಲೆ ತನಗೇ ನಗು ಬಂತು.

ಮಧ್ಯಾಹ್ನ ಮೂರಕ್ಕೆ ಹೆಸರು ಕೂಗಿದರು. ಭರಮಪ್ಪ ಕಟಕಟೆ ಹತ್ತಿದ: ಅರವತ್ತೈದರ ಗಟ್ಟಿ ಆಳು, ಹಣೆಯ ತುಂಬ ವಿಭೂತಿ, ಬಿಳಿ ರುಮಾಲು. ಹಿಂದಿನ ಬೆಂಚುಗಳಲ್ಲಿ ಹೂಲಿಯ ಏಳೆಂಟು ಮಂದಿ, ಅವರ ಮುಂದೆ ಊರಿನ ಹಿರಿಯ, ಮುದುಕ ನೀಲಪ್ಪ. ಒಂದು ಮೂಲೆಗೆ ಸುಭಾಸ, ಇನ್ನೊಂದು ಮೂಲೆಗೆ ಸಾವಿತ್ರೆವ್ವ. ನಿಜಗುಣಪ್ಪ ವಕೀಲರ ಬದಲು ಯಶೋಧಾ ಎದ್ದದ್ದು ನೋಡಿ ಕಾಂತೇಶ ವಕೀಲರ ಮುಖ ಅರಳಿತು. "ರೈಟ್, ರೈಟ್," ಎಂದರು.

"ಭರಮಪ್ಪಾರ, ಶರಣ್ರಿ," ಎಂದಳು ಯಶೋಧಾ. "ನಿಮ್ಮ ಎತ್ತ ಭಾಳ ಹೆಸರಾದ್ದೂ ಅಂತ ಕೇಳೇನಿ."

ಭರಮಪ್ಪ ಬೆದರಿಕೆಗೆ ತಯಾರಾಗಿ ಬಂದವನು, ಎತ್ತಿಗೆ ತಯಾರಾಗಿರಲಿಲ್ಲ. "ಹೂಂರಿ," ಎಂದ. ಸ್ವಲ್ಪ ತಡೆದು, "ಕಿಲಾರಿ ತಳೀ ಜೋಡಿರಿ," ಎಂದು ಸೇರಿಸಿದ.

"ಈ ಪತ್ರ ಬರದಾಗ ಯಾವ ಜೋಡಿ ಇತ್ತರಿ?"

"ಸಾರಂಗ, ಮಾಣಿಕ. ಅಂಥಾ ಎತ್ತ ಇನ್ನ ಹುಟ್ಟೂದಿಲ್ಲ ಬಿಡ್ರಿ. ಹೆಸರ ಹಿಡದ ಕರದ್ರ ತಾವ ಬಂದ ನೊಗದ ಕೆಳಗ ಕೊರಳ ಕೊಡತಿದ್ದೂ."

ಕಾಂತೇಶ ವಕೀಲರು ಎದ್ದರು. "ಸ್ವಾಮಿ, ಇದು ಮೃತ್ಯುಪತ್ರದ ದಾವೆ, ದನದ ಸಂತೆಯಲ್ಲ. ಅಕ್ಕಾರಿಗೆ ಇನ್ನೂ ಬಸ್ಸಿನಲ್ಲೇ ಇದ್ದೇನೆ ಅನಿಸಿರಬೇಕು."

ನಗೆ ಎದ್ದಿತು. ಬೇರೆ ದಿನವಾಗಿದ್ದರೆ ಯಶೋಧಾ ಭೂಮಿಗೆ ಇಳಿದುಹೋಗುತ್ತಿದ್ದಳು. ಅವತ್ತು ಏನಾಯಿತೋ, ಅವಳೂ ನಕ್ಕಳು. "ಹೌದು ಸ್ವಾಮಿ, ಹನ್ನೊಂದು ವರ್ಷ ಬಸ್ಸಿನಲ್ಲಿದ್ದೆ. ಆದರೆ ಈ ಎತ್ತುಗಳನ್ನು ಕೋರ್ಟಿಗೆ ತಂದವಳು ನಾನಲ್ಲ. ಅವು ಅಫಿಡವಿಟ್ಟಿನ ಮೂರನೇ ಪ್ಯಾರಾದಲ್ಲಿವೆ."

ನ್ಯಾಯಾಧೀಶರು ಪ್ಯಾರಾ ನೋಡಿದರು. "ಕೇಳಿ," ಎಂದರು. "ಆದರೆ ಬೇಗ ಊರು ಮುಟ್ಟಿಸಿ."

"ಭರಮಪ್ಪಾರ, ಅವತ್ತ ಎಡಿ ಹೊಡದದ್ದು ಈ ಎತ್ತಿನ್ಯಾಗೇನರಿ? ಬಾಡಗಿ ಟ್ರ್ಯಾಕ್ಟರ್ ಅಲ್ಲಲಾ?"

"ಟ್ರ್ಯಾಕ್ಟರ್ ನನ್ನ ಹೊಲಾ ತುಳದಿಲ್ರಿ."

"ನಿಮ್ಮ ಮಗ, ಆಳು, ಬ್ಯಾರೆ ಯಾರರ ಹೂಡಿದ್ರೋ?"

"ನನ್ನ ಎತ್ತ ನಾನ ಹೂಡತೇನ್ರಿ. ಬ್ಯಾರೇದಾವ್ರಿಗೆ ಮುಟ್ಟಗೊಡೂದಿಲ್ಲ."

"ಭಾಳ ವರ್ಷ ಆತಲ್ರಿ, ಮರತಿರಬಹುದು."

"ಎತ್ತಿನ ಮಾತು ನಾ ಮರ್ಯಾಂವಲ್ಲ!"

"ಮತ್ತ ಸಹಿ ಮಾಡಿದ್ದು ಅದ ದಿನಾನ? ಹಿಂದಿನ ದಿನ ಅಲ್ಲ, ಮರುದಿನ ಅಲ್ಲ?"

"ಅದ ದಿನಾರಿ. ಕೊರಳ ಬಿಟ್ಟು, ಕೈ ತೊಳಕೊಂಡು ಸೀದಾ ಬಂದ ಸಹಿ ಮಾಡೇನಿ."

ಒಂದೊಂದು ಉತ್ತರವನ್ನೂ ನ್ಯಾಯಾಧೀಶರು ಹೇಳಿ ಬರೆಸುತ್ತಿದ್ದರು, ಬೆರಳಚ್ಚುಗಾರ್ತಿಯ ಕೀಲಿಗಳು ಪಟಪಟ ಅನ್ನುತ್ತಿದ್ದವು. ಆ ಸದ್ದು ನಿಲ್ಲುವವರೆಗೂ ಯಶೋಧಾ ಕಾದಳು. ಬಾಗಿಲುಗಳೆಲ್ಲ ಬಿದ್ದಿದ್ದವು.

"ಕಡೀಕ ಒಂದ ಸಣ್ಣ ಮಾತರಿ. ನಿಮ್ಮ ಮನ್ಯಾಗ ಸೋಮವಾರ ಎತ್ತ ಹೂಡತೀರೇನು?"

"ಏನಂದ್ರಿ?" ಭರಮಪ್ಪ ರುಮಾಲು ಸರಿಮಾಡಿಕೊಂಡ. "ಬಸವಣ್ಣನ ವಾರ ನೊಗಾ ಮುಟ್ಟಸೂದಾ? ನಮ್ಮ ಮುತ್ಯಾನ ಕಾಲದಿಂದ ಇಲ್ರಿ! ನಾನೂ ಒಂದ ದಿನಾ ಹೂಡಿಲ್ಲ. ಬೇಕಾದ್ರ ಊರನ್ನ ಕೇಳ್ರಿ, ಅಲ್ಲೇ ಕುಂತೈತಿ!"

ಹಿಂದಿನ ಬೆಂಚಿನ ತಲೆಗಳೆಲ್ಲ ಹೌದೆಂದು ಆಡಿದವು. ಕೀಲಿಗಳು ಪಟಪಟ ಅಂದವು.

"ಸ್ವಾಮಿ, ಹದಿನಾಲ್ಕು ಜುಲೈ ಎರಡು ಸಾವಿರದ ಹದಿನಾಲ್ಕು ಯಾವ ವಾರ ಎಂದು ದಯವಿಟ್ಟು ಕೋರ್ಟು ನೋಡಬೇಕು."

ನ್ಯಾಯಾಧೀಶರು ಕಂಪ್ಯೂಟರಿನತ್ತ ತಿರುಗಿದರು. ಕಾಂತೇಶ ವಕೀಲರು ಮೊಬೈಲಿಗಾಗಿ ಕೋಟಿನ ಕಿಸೆಯೆಲ್ಲ ತಡಕಾಡಿದರು.

"ಸೋಮವಾರ," ಎಂದರು ನ್ಯಾಯಾಧೀಶರು.

ಕಾಂತೇಶ ವಕೀಲರು ಎದ್ದು ನಿಂತರು. "ಸ್ವಾಮಿ, ಸಾಕ್ಷಿಗೆ ವಯಸ್ಸಾಗಿದೆ, ಮರೆವು ಸಹಜ..."

"ಎತ್ತಿನ ಮಾತು ಮರೆಯುವವನಲ್ಲ ಎಂದು ಈಗಷ್ಟೇ ಬರೆಸಿದ್ದಾರೆ. ಕುಳಿತುಕೊಳ್ಳಿ."

"ಭರಮಪ್ಪಾರ," ಎಂದಳು ಯಶೋಧಾ, ದನಿ ಏರಿಸದೆ. "ಎರಡರಾಗ ಒಂದು. ಅವತ್ತ ಸೋಮವಾರ ನೀವು ಸಾರಂಗ, ಮಾಣಿಕನ್ನ ಹೂಡಿದ್ರಿ. ಇಲ್ಲಾ, ಅವತ್ತ ನೀವು ಸಹಿ ಮಾಡಾಕ ಆ ಮನಿಗೆ ಹೋಗಿಲ್ಲ. ಯಾವುದು ಖರೆ?"

ಭರಮಪ್ಪನ ಮುಖ ನೋಡಬೇಕಿತ್ತು! ಅವನು ಸುಭಾಸನತ್ತ ನೋಡಿದ. ಸುಭಾಸ ಹೂಡಿದೆ ಅನ್ನು ಎಂಬಂತೆ ಸಣ್ಣಗೆ ಕತ್ತು ಆಡಿಸಿದ. ಅಷ್ಟರಲ್ಲಿ ಮುದುಕ ನೀಲಪ್ಪ ಬೆಂಚಿನಿಂದಲೇ ಕೂಗಿಬಿಟ್ಟ: "ಏ ಭರಮ್ಯಾ! ಸೋಮವಾರ ಹೂಡಿದೇನೋ ನೀ?"

ಕೋರ್ಟಿನ ಜವಾನ "ಸುಮ್ನಿರ್ರಿ" ಎಂದು ಗದರಿದ. ಆದರೆ ಆ ಪ್ರಶ್ನೆ ನಾಟಬೇಕಾದ ಜಾಗದಲ್ಲಿ ನಾಟಿತ್ತು. ಭರಮಪ್ಪ ಎರಡೂ ಕೈಯಿಂದ ಕಟಕಟೆ ಹಿಡಿದುಕೊಂಡ.

"ಹೂಡಿಲ್ರೀ! ಆ ಪತ್ರ ಸುಳ್ಳಂತ ಬೇಕಾದ್ರ ಬರಕೋರಿ, ನನ್ನ ಸುಳ್ಳಾಂವ ಅನ್ರಿ, ಆದ್ರ ನನ್ನ ಎತ್ತಿನ ಮ್ಯಾಲ ಆ ಪಾಪ ಹಾಕಬ್ಯಾಡ್ರಿ! ನಾ ಅವತ್ತ ಹೋಗಿಲ್ಲ. ಮಡಿವಾಳಣ್ಣ ಸತ್ತ ಮ್ಯಾಲ ಸಹಿ ಮಾಡೇನಿ, ಬೈಲಹೊಂಗಲದಾಗ, ಒಂದ ಚಾದ ಅಂಗಡ್ಯಾಗ. ಈ ಸುಭಾಸ ತನ್ನ ಹೊಲದಾಗ ನನ್ನ ಗಾಡಿಗೆ ದಾರಿ ಬಿಡತೇನಿ ಅಂದ. ಆಸೇಕ್ಕ ಬಿದ್ದ ಮಾಡೇನ್ರಿ, ತಪ್ಪಾತು!"

ಕೋರ್ಟು ಗುಜುಗುಜು ಎಂದಿತು. ಗೆದ್ದಳು! ಕಂಡಕ್ಟರ್ ಅಕ್ಕಾರು ಗೆದ್ದರು! ಯಶೋಧಾಳಿಗೆ ಕೂಗಬೇಕು ಅನಿಸಿತು, ಕುಣಿಯಬೇಕು ಅನಿಸಿತು. ಹಿಂದಿನಿಂದ ನಿಜಗುಣಪ್ಪ ವಕೀಲರು ಕೋಟಿನ ತುದಿ ಹಿಡಿದು ಎಳೆದರು. "ಕುಂದ್ರು. ಸಾಕು, ಕುಂದ್ರು."

ಅವಳು ಕೂರಲು ಬಾಗಿದವಳೇ ಮೂಲೆಯತ್ತ ನೋಡಿದಳು. ಎಲ್ಲರೂ ಬಾಯಿ ತುಂಬ ಮಾತಾಡುತ್ತಿದ್ದರೆ ಸಾವಿತ್ರೆವ್ವ ಮಾತ್ರ ಕಲ್ಲಿನಂತೆ ಕೂತಿದ್ದಳು. ಸೆರಗಿನ ತುದಿ ಹಲ್ಲಲ್ಲಿ, ಕಣ್ಣು ಯಶೋಧಾಳ ಮೇಲೆ. ಅವಳ ಪ್ರಶ್ನೆ ಇನ್ನೂ ಹಾಗೆಯೇ ಇತ್ತು. ಕಾಗದ ಸುಳ್ಳಾದರೆ ಮಾತೂ ಸುಳ್ಳು ಎಂದು ಕಾಯ್ದೆ ಹೇಳಬಹುದು. ಮಗಳ ಜೀವಕ್ಕೆ ಅದು ಸಾಲುತ್ತದೆಯೇ?

ಕೇಳಿದರೆ ಗಂಡಾಂತರ. ಸಿಕ್ಕಿಬಿದ್ದ ಮನುಷ್ಯ ಸಿಟ್ಟಿಗೆ "ಹೌದು, ಮುದುಕ ಹಾಗೇ ಅನ್ನುತ್ತಿದ್ದ" ಅಂದುಬಿಟ್ಟರೆ? ಗೆದ್ದದ್ದು ಗೆದ್ದಂತೆ ಇದ್ದರೂ ಸಾವಿತ್ರೆವ್ವ ಅಲ್ಲೇ ಸತ್ತುಹೋಗುತ್ತಾಳೆ. ಕೋಟಿನ ತುದಿ ಇನ್ನೂ ಜಗ್ಗುತ್ತಿತ್ತು. ಯಶೋಧಾ ಭರಮಪ್ಪನ ಮುಖ ನೋಡಿದಳು. ಸಾವಿರಾರು ಮುಖ ಓದಿದವಳು ಅವಳು. ಇದು ಕದ್ದವನ ಮುಖವಾಗಿ ಉಳಿದಿರಲಿಲ್ಲ, ಹೊರೆ ಇಳಿಸಿ ಹಗುರಾದವನ ಮುಖವಾಗಿತ್ತು. ಅವಳು ಮತ್ತೆ ನೆಟ್ಟಗೆ ನಿಂತಳು.

"ಭರಮಪ್ಪಾರ, ಇನ್ನೊಂದರಿ. ಮಗಳು ನೋಡಿಕೊಂಡಿಲ್ಲ, ಅನ್ನ ಹಾಕಿಲ್ಲ ಅಂತ ಆ ಪತ್ರದಾಗ ಐತಿ. ಮಡಿವಾಳೆಪ್ಪ ಎಂದರ ಹಂಗ ಅಂದಿದ್ನೇನ್ರಿ?"

"ಆಕ್ಷೇಪ!" ಎಂದರು ಕಾಂತೇಶ ವಕೀಲರು.

"ಪತ್ರದಲ್ಲಿರುವ ಮಾತು. ಉತ್ತರ ಬರಲಿ," ಎಂದರು ನ್ಯಾಯಾಧೀಶರು.

ಭರಮಪ್ಪ ಆಗ ಮೊದಲ ಸಲ ಸಾವಿತ್ರೆವ್ವನತ್ತ ತಿರುಗಿದ. "ಹಂಗ ಬರದಾರೇನ್ರಿ ಅದರಾಗ? ನಾ ಓದಿಸಿಲ್ರಿ ಅಕ್ಕಾರ, ದೇವರಾಣಿ ಓದಿಸಿಲ್ಲ." ಅವನು ರುಮಾಲು ತೆಗೆದು ಕೈಯಲ್ಲಿ ಹಿಡಿದ. "ಮಡಿವಾಳಣ್ಣ ಹಾಸಿಗಿ ಹಿಡದಾಗ ನೋಡಾಕ ಹೋಗಿದ್ದೆ. ಈಕಿ ತುತ್ತ ಮಾಡಿ ತಿನಿಸಾಕತ್ತಿದ್ಲು. ಅಂವ ನನ್ನ ಕೈ ಹಿಡದ ಅಂದ, 'ನಾ ಸಣ್ಣಾಂವ ಇದ್ದಾಗ ನನ್ನ ಹಡದವ್ವ ಸತ್ಲು ಭರಮಾ, ಆಕಿ ಮುಖಾ ನೆನಪಿಲ್ಲ. ಈಗ ದಿನಾ ನೋಡತೇನಿ' ಅಂದ. ಈಕಿ ಕಡೆ ಬೆರಳ ಮಾಡಿ ಅಂದ."

ನ್ಯಾಯಾಧೀಶರು ಕೋರ್ಟಿನ ಭಾಷೆಗೆ ತಿರುಗಿಸಿ ಬರೆಸಲು ಹೊರಟವರು ಅರ್ಧಕ್ಕೇ ನಿಂತು, "ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ," ಎಂದರು. ಯಶೋಧಾ ಕೂತಳು. ಕೋಟಿನ ತುದಿ ಬಿಟ್ಟ ನಿಜಗುಣಪ್ಪ ವಕೀಲರು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಹೊರಗೆ ಬಂದಾಗ ಅಂಗಳದ ತುಂಬ ಜನ. "ಏನ್ ಕೇಳಿದ್ರಿ ಅಕ್ಕಾರ!" ಎಂದು ಹೂಲಿಯವರು ಸುತ್ತುಗಟ್ಟಿದರು. ಯಶೋಧಾ ಎಲ್ಲರನ್ನೂ ಸರಿಸಿ ಸಾವಿತ್ರೆವ್ವನ ಎರಡೂ ಕೈ ಹಿಡಿದುಕೊಂಡಳು. "ಅವ್ವಾ, ಮನಿ ಉಳೀತು ಅಂತ ತಿಳಕೋರಿ! ತೀರ್ಪ ಬರಬೇಕು, ಆದ್ರ ಇನ್ನ ಆ ಪತ್ರಕ್ಕ ಜೀವಾ ಇಲ್ಲ. ನಿಮ್ಮ ಪಾಲು ಯಾರೂ ಕಸಗೊಳ್ಳೂದಿಲ್ಲ!"

"ಅದು ಆಮ್ಯಾಲ ಬಿಡ್ರಿ," ಎಂದಳು ಸಾವಿತ್ರೆವ್ವ. ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಮುಖ ಮಾತ್ರ ನಗುತ್ತಿತ್ತು. "ಅಪ್ಪ ಅಂದದ್ದು ಕಾಗದದಾಗ ಬಂತಿಲ್ಲೋ?"

"ಬಂತರಿ. ಅಂದಂಗ ಬಂತು."

"ಕೋರ್ಟಿನ ಸಿಕ್ಕಾ ಹೊಡದ ಕೊಡತಾರೇನು?"

"ನಕಲಿಗೆ ಅರ್ಜಿ ಹಾಕಿದ್ರ ಕೊಡತಾರ್ರಿ."

"ಹಂಗಾರ ಆ ಹಾಳಿ ಒಂದ ಕೊಡಸ್ರಿ ನನಗ. ತೀರ್ಪ ಬಂದಾಗ ಬರಲಿ."

ನಕಲು ವಿಭಾಗದ ಕಿಟಕಿ ಮುಚ್ಚಲು ಹತ್ತು ನಿಮಿಷವಿತ್ತು. ಯಶೋಧಾ ಸಾವಿತ್ರೆವ್ವನನ್ನು ಎಳೆದುಕೊಂಡೇ ಓಡಿದಳು, ಏದುಸಿರು ಬಿಡುತ್ತ ಅರ್ಜಿ ಕೇಳಿ ತೆಗೆದುಕೊಂಡು ಕಿಟಕಿಯ ಕಟ್ಟೆಯ ಮೇಲೆಯೇ ಬರೆಯತೊಡಗಿದಳು. ದಾವೆ ನಂಬರು, ಸಾಕ್ಷಿಯ ಹೆಸರು, ಅರ್ಜಿದಾರರು ಸಾವಿತ್ರೆವ್ವ, ತಂದೆಯ ಹೆಸರು ಮಡಿವಾಳೆಪ್ಪ, ಊರು ಹೂಲಿ. ಕೊನೆಯಲ್ಲಿ ಒಂದು ಸಾಲು 'ನಕಲು ಯಾವ ಕಾರಣಕ್ಕೆ ಬೇಕು' ಎಂದು ಕೇಳುತ್ತಿತ್ತು. ಎಲ್ಲರೂ ಅಲ್ಲಿ ಅಪೀಲು ಎಂದೋ ಕಚೇರಿ ಕೆಲಸವೆಂದೋ ಬರೆಯುತ್ತಾರೆ.

"ಏನಂತ ಬರೀಲಿ ಅವ್ವಾ? ಯಾಕ ಬೇಕು ಅಂತ ಕೇಳತಾರ."

ಸಾವಿತ್ರೆವ್ವ ಸೆರಗಿನಿಂದ ಮುಖ ಒರೆಸಿಕೊಂಡು ಯೋಚಿಸಿದಳು.

"ನಮ್ಮಪ್ಪಂದು ಅಂತ ಬರೀರಿ."

ಯಶೋಧಾ ಹಾಗೆಯೇ ಬರೆದಳು.